ಅಕ್ಕನಿಗೆ 48 ದಿನದ ಪುಡಿ ತಂದಿದ್ದಾರೆ, ಭಾವನಿಗೆ ಹೇಗೆ ಹೇಳೋದು?

ಕೊಬ್ಬರಿ_ತಿಪಟೂರು

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಿದೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಅಕ್ಕನಿಗೆ 46 ವರ್ಷ. ಎಡ ಎದೆಯಲ್ಲಿ ಗಂಟು. ಸ್ನಾನ ಮಾಡುವಾಗ ಕೈಗೆ ಸಿಕ್ಕಿದ್ದು ಯುಗಾದಿ ಹೊತ್ತಿಗೆ. ನಮಗೆ ಹೇಳಿದ್ದು ಗೌರಿ ಹಬ್ಬ ಕಳೆದ ಮೇಲೆ. "ನೋವೇ ಇರಲಿಲ್ಲ ಕಣೋ, ಅದಕ್ಕೇ ಸುಮ್ನಿದ್ದೆ" ಅಂದಳು. ಬೆಂಗಳೂರಿಗೆ ಕರೆದುಕೊಂಡು ಹೋದೆ. ಮ್ಯಾಮೊಗ್ರಾಂ, ಬಯಾಪ್ಸಿ ಎಲ್ಲ ಆಯಿತು. ಕ್ಯಾನ್ಸರ್, ಎರಡನೇ ಹಂತ. ಮೊದಲು ಕೀಮೋ, ಆಮೇಲೆ ಆಪರೇಷನ್, ಕೊನೆಗೆ ಕರೆಂಟ್ (ರೇಡಿಯೇಷನ್) ಕೊಡಬೇಕು ಅಂದರು. ಈಗಲೇ ಬಂದಿದ್ದು ಒಳ್ಳೆಯದಾಯಿತು, ಗುಣ ಮಾಡಬೇಕು ಅಂತಲೇ ಔಷಧಿ ಕೊಡ್ತೀವಿ ಅಂತಲೂ ಅಂದರು. ಆ ಮಾತು ನನಗೊಬ್ಬನಿಗೇ ಕೇಳಿಸಿತು ಅನ್ನಿಸುತ್ತೆ. ಭಾವನಿಗೆ ಕೇಳಿಸಿದ್ದು ಕೀಮೋ ಅನ್ನೋದು ಮಾತ್ರ. ಅವರ ಅಣ್ಣನ ಹೆಂಡತಿ ಕೀಮೋ ನಡೆಯುವಾಗಲೇ ತೀರಿಕೊಂಡಿದ್ದರು.

ಭಾವ ಹಿಟ್ಟಿನ ಗಿರಣಿ ಇಟ್ಟಿದ್ದಾರೆ. ಒಳ್ಳೆಯ ಮನುಷ್ಯ, ಅಕ್ಕನನ್ನು ಕಣ್ಣಿನ ಹಾಗೆ ನೋಡಿಕೊಂಡಿದ್ದಾರೆ. ಗಿರಣಿಗೆ ದಿನಕ್ಕೆ ಐವತ್ತು ಜನ ಬಂದರೆ ಐವತ್ತು ಸಲಹೆ. ಅದರಲ್ಲಿ ಯಾರೋ ಒಬ್ಬರು ಎರಡು ಜಿಲ್ಲೆ ಆಚೆಯ ಒಬ್ಬ ನಾಟಿ ವೈದ್ಯರ ವಿಳಾಸ ಕೊಟ್ಟರು. ಭಾವ ಅಕ್ಕನಿಗೂ ಹೇಳದೆ ರಿಪೋರ್ಟ್ ಕವರ್ ಹಿಡಿದುಕೊಂಡು ಒಬ್ಬರೇ ಹೋಗಿಬಂದರು. ಆ ವೈದ್ಯರು ಕವರ್ ಬಿಚ್ಚಿ ಕೂಡ ನೋಡಲಿಲ್ಲವಂತೆ. ಅದರ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿದರಂತೆ. "ಗೊತ್ತಾಯ್ತು" ಅಂದರಂತೆ.

ಎರಡು ಪ್ಲಾಸ್ಟಿಕ್ ಡಬ್ಬಿ ಕಂದು ಪುಡಿ, ಪೇಪರಿನಲ್ಲಿ ಸುತ್ತಿದ ಕರಿ ಗುಳಿಗೆ. 48 ದಿನಕ್ಕೆ. ಔಷಧಿಗೆ ದುಡ್ಡು ಮುಟ್ಟಲ್ಲವಂತೆ ಅವರು. ಹುಂಡಿಗೆ ಹಾಕಬೇಕು. ಎಷ್ಟು ಹಾಕಬೇಕು ಅಂತ ಪಕ್ಕದಲ್ಲಿ ಕೂತ ಹುಡುಗ ಹೇಳುತ್ತಾನೆ. 36,000. ರಸೀದಿ ಕೇಳಿದ್ದಕ್ಕೆ "ಅನ್ನದಾನ ಸೇವೆ" ಅಂತ ಬರೆದು ಕೊಟ್ಟಿದ್ದಾರೆ.

ಜೊತೆಗೆ ಗುಲಾಬಿ ಬಣ್ಣದ ಒಂದು ಚೀಟಿ. ಪಥ್ಯದ ಪಟ್ಟಿ. ಎಣಿಸಿದೆ, 23 ಇದೆ. ಬದನೆಕಾಯಿ, ನುಗ್ಗೆಕಾಯಿ, ಹುಣಸೆಹುಳಿ, ಮೊಸರು, ಮೊಟ್ಟೆ, ಕೋಳಿ, ಬೇರೆ ಮನೆಯ ನೀರು. ಮುಟ್ಟಾದ ಹೆಂಗಸರು ಡಬ್ಬಿ ಇರೋ ಕೋಣೆಗೆ ಕಾಲಿಡಬಾರದು. ಅಕ್ಕನ ಮಗಳು ಸೆಕೆಂಡ್ ಪಿಯುಸಿ. ಅವಳು ಆಗಲೇ ಹಾಸಿಗೆ ಎತ್ತಿಕೊಂಡು ಹಾಲಿಗೆ ಬಂದಿದ್ದಾಳೆ. ಕೊನೆಯ ಸಾಲು ದಪ್ಪ ಅಕ್ಷರದಲ್ಲಿ: ಇಂಗ್ಲಿಷ್ ಔಷಧಿ, ಸೂಜಿ ಪೂರ್ತಿ ನಿಲ್ಲಿಸಬೇಕು.

ಮೊದಲ ಕೀಮೋ ಮುಂದಿನ ಸೋಮವಾರ. ಭಾವ, "48 ದಿನ ತಾನೇ, ಆಮೇಲೆ ನಿನ್ನ ಆಸ್ಪತ್ರೆಗೇ ಹೋಗೋಣ" ಅನ್ನುತ್ತಾರೆ. ಬಯಾಪ್ಸಿ ಮಾಡಿಸಿದ್ದೇ ತಪ್ಪು, ಸೂಜಿ ಚುಚ್ಚಿದರೆ ಹರಡುತ್ತೆ ಅಂತ ಆ ವೈದ್ಯರು ಅಂದರಂತೆ. ಅಂದರೆ ತಪ್ಪು ನನ್ನ ತಲೆಗೆ ಬಂತು. ಮಾಜಿ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು ಅವರ ವಿಡಿಯೋ ತೋರಿಸುತ್ತಾರೆ, ಬೇವು, ಅರಿಶಿನ, ನಿಂಬೆಹಣ್ಣಿನ ನೀರಿನಲ್ಲಿ ಹೆಂಡತಿಗೆ ನಾಲ್ಕನೇ ಹಂತದ್ದು ವಾಸಿ ಆಯಿತು ಅಂದಿದ್ದು. ಮನೆ ಹಿಂದೆ ಲಕ್ಷ್ಮಣಫಲದ ಗಿಡ ಬೇರೆ ನೆಟ್ಟಾಗಿದೆ. ಅಕ್ಕ ಮಾತ್ರ "ನೀವಿಬ್ಬರೂ ತೀರ್ಮಾನ ಮಾಡಿ ಹೇಳ್ರಪ್ಪ" ಅಂತ ಬಟ್ಟೆ ಮಡಿಸುತ್ತಾ ಕೂರುತ್ತಾಳೆ.

48 ದಿನ ಅಷ್ಟು ದೊಡ್ಡ ವಿಷಯವಾ? ಭಾವನ ಮರ್ಯಾದೆಗೆ ಕುಂದು ಬರದ ಹಾಗೆ ಹೇಗೆ ಹೇಳಲಿ? ಅನುಭವ ಇರುವವರು ದಯವಿಟ್ಟು ಬರೆಯಿರಿ.

---

ತೋಟದಮನೆ_ಚನ್ನಗಿರಿ

ತಮ್ಮಾ, ರಾತ್ರಿ ನಿಮ್ಮ ಪೋಸ್ಟ್ ಓದಿದ ಮೇಲೆ ನಿದ್ದೆ ಹತ್ತಲಿಲ್ಲ. ನಿಮ್ಮ ಚೀಟಿ ಗುಲಾಬಿ, ನಮ್ಮದು ಹಳದಿ ಇತ್ತು. ಊರು ಬೇರೆ, ವೈದ್ಯ ಬೇರೆ. ಪಟ್ಟಿ ಹೆಚ್ಚುಕಡಿಮೆ ಅದೇ.

2015ರಲ್ಲಿ ಅಪ್ಪನಿಗೆ ಬಲ ಕೆನ್ನೆಯ ಒಳಗೆ ಹುಣ್ಣು. ಎಲೆ, ಅಡಿಕೆ, ಹೊಗೆಸೊಪ್ಪು, ನಲವತ್ತು ವರ್ಷದ ಚಟ. ಅಡಿಕೆ ನಮ್ಮದೇ ತೋಟದ್ದು. (ಬರೀ ಅಡಿಕೆಯಿಂದಲೂ ಕ್ಯಾನ್ಸರ್ ಬರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ನಮ್ಮ ಕಡೆ ಇದನ್ನು ಜೋರಾಗಿ ಹೇಳೋ ಹಾಗಿಲ್ಲ, ಅದು ಬೇರೆ ಮಾತು.) ಡಾಕ್ಟರ್ ಬಾಯಿ ತೆಗೆಸಿ, ಅಪ್ಪನದೇ ಬೆರಳು ಜೋಡಿಸಿ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ನಿಲ್ಲಿಸಿದರು. ಮೂರು ಬೆರಳು ಹಿಡಿಸಿತು. "ಮೂರು ಹೋಗ್ತಿದೆ, ಒಳ್ಳೇದು. ತಡ ಮಾಡದೆ ಆಪರೇಷನ್ ಮಾಡಿಸಿ" ಅಂದರು. ಅಷ್ಟೇ. ಕಂಪ್ಯೂಟರಿನಿಂದ ಮುಖ ಎತ್ತಿದ್ದು ನಾಲ್ಕು ನಿಮಿಷದಲ್ಲಿ ಒಂದು ಸಲ. ಹೊರಗೆ ಇನ್ನೂ ಎಂಬತ್ತು ಜನ ಕಾಯುತ್ತಿದ್ದರು, ಅವರ ತಪ್ಪೂ ಅನ್ನೋಕಾಗಲ್ಲ. ಅಪ್ಪನ ಕಿವಿಗೆ ಬಿದ್ದಿದ್ದು ದವಡೆ ಕೊಯ್ಯುತ್ತಾರೆ ಅನ್ನೋದು. ಮಾಘದಲ್ಲಿ ತಂಗಿಯ ಮದುವೆ. "ಮುಖ ಕೊಯ್ಸಿಕೊಂಡು ಧಾರೆ ಎರೆಯೋಕೆ ನಿಲ್ಲಲಾ?" ಅಂದರು.

ಹೀಗೆ ಆ ಊರಿಗೆ ಹೋದೆವು. ಬೆಳಗಿನ ಜಾವ ನಾಲ್ಕು ಗಂಟೆಗೆ ಟೋಕನ್. ಎಲ್ಲ ರಾಜ್ಯದ ಟಿಟಿ ಗಾಡಿಗಳು. ಹೋಟೆಲಿನವನು, ಲಾಡ್ಜಿನವನು, ಆಟೋದವನು, ಯಾರನ್ನು ಕೇಳಿದರೂ ಗುಣ ಆದವರ ಕತೆ. ಸುಳ್ಳೇ ಹೇಳುತ್ತಿದ್ದರು ಅಂತ ನಾನು ಹೇಳಲ್ಲ. ಸತ್ತವರು ಎರಡನೇ ಸಲ ಟೋಕನ್ ತಗೊಳ್ಳೋಕೆ ಬರಲ್ಲವಲ್ಲ. ಅವರು ನೋಡೋದೆಲ್ಲ ಬದುಕಿ ಬಂದವರನ್ನೇ.

ಆ ವೈದ್ಯ ಅಪ್ಪನ ಕೈ ಹಿಡಿದು ಕೂರಿಸಿಕೊಂಡ. ತೋಟ ಎಷ್ಟೆಕರೆ, ಬೋರ್ ಎಷ್ಟು ಫೇಲ್ ಆಗಿದೆ, ಮಗಳಿಗೆ ಯಾವ ಕಡೆ ಸಂಬಂಧ, ಎಲ್ಲ ಕೇಳಿದ. ಅರ್ಧ ಗಂಟೆ. ಅಪ್ಪ ಸೋತಿದ್ದು ಅಲ್ಲೇ. ಔಷಧಿ ಬಾಯಿಗೆ ಬೀಳೋ ಮೊದಲೇ ಅರ್ಧ ಗುಣ ಆದವರ ಹಾಗೆ ಎದ್ದು ಬಂದರು.

ಹತ್ತೇ ದಿನಕ್ಕೆ ಊಟ ಹೆಚ್ಚಿತು. ಎರಡು ಮುದ್ದೆ ಕೇಳಿ ಹಾಕಿಸಿಕೊಂಡರು. ಮುಖ ದುಂಡಗಾಯಿತು. ಮುಖಕ್ಕೆ ಕಳೆ ಬಂತು ಅಂತ ಊರೆಲ್ಲ ಅಂದಿತು. ಎರಡನೇ ಸಲ ಹೋದಾಗ ಅಲ್ಲಿಯ ಹುಡುಗರು ಒಂದು ವಿಡಿಯೋ ಮಾಡೋಣ ಅಂದರು. ಅಪ್ಪ ಇಸ್ತ್ರಿ ಅಂಗಿ ಹಾಕಿ, ತಲೆ ಬಾಚಿ, ಕ್ಯಾಮೆರಾ ಮುಂದೆ ಕೂತು "ನಾನು ಚನ್ನಗಿರಿ ತಾಲ್ಲೂಕಿನವನು, ನನಗೆ ಮುಕ್ಕಾಲು ವಾಸಿ ಆಗಿದೆ" ಅಂದರು. ಯಾರೂ ಹೇಳಿಕೊಟ್ಟಿದ್ದಲ್ಲ. ಅವರು ನಂಬಿಯೇ ಹೇಳಿದ್ದು.

ಮನೆಯಲ್ಲಿ ಅಪ್ಪ ದಿನಾ ಬೆಳಿಗ್ಗೆ ಬಚ್ಚಲಿಗೆ ಹೋಗಿ ಬೆರಳು ಇಟ್ಟು ನೋಡಿಕೊಳ್ಳುತ್ತಿದ್ದರಂತೆ. ಆಮೇಲೆ ಅಮ್ಮನ ಹತ್ತಿರ ಹೇಳಿದ್ದು. ಮೂರು ಬೆರಳು ಹೋಗಿ ಎರಡೂವರೆ ಆಯಿತು, ಎರಡಾಯಿತು. ನಮಗೆ ಬಿಟ್ಟುಕೊಡಲಿಲ್ಲ. ಮುದ್ದೆ ಸಾಕು ಅಂಬಲಿ ಮಾಡು ಅಂದಾಗಲೂ ಬಿಸಿಲು ಜಾಸ್ತಿ ಅಂದುಕೊಂಡೆವು. ತಂಗಿಯ ಮದುವೆ ದಿನ ಒಂದು ಬೆರಳು. ಪಾಯಸವನ್ನು ಚಮಚ ಅಡ್ಡ ಹಿಡಿದು ಕುಡಿದರು.

ನಾಲ್ಕೂವರೆ ತಿಂಗಳಿಗೆ ತಲೆ ಸುತ್ತಿ ಬಿದ್ದರು. ಶುಗರ್ 412. ಅವರಿಗೆ ಶುಗರ್ ಇರಲೇ ಇಲ್ಲ. ಆಸ್ಪತ್ರೆಯಲ್ಲಿ ಆ ದುಂಡು ಮುಖ ನೋಡಿದ ಕೂಡಲೇ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಹೊರಗಿನ ಗುಳಿಗೆ ಏನಾದರೂ ತಗೋತಿದ್ದೀರಾ?" ಗುಳಿಗೆಯಲ್ಲಿ ಸ್ಟೀರಾಯ್ಡ್ ಬೆರೆಸಿರಬಹುದು, ಹಸಿವು, ಮುಖದ ಊತ, ಶುಗರ್ ಮೂರೂ ಅದರ ಗುರುತು ಅಂದರು. ನಾವು ಲ್ಯಾಬಿಗೆ ಕಳಿಸಲಿಲ್ಲ. ಉಳಿದಿದ್ದ ಗುಳಿಗೆಯನ್ನು ಅಣ್ಣ ಸಿಟ್ಟಿನಲ್ಲಿ ಗೊಬ್ಬರದ ಗುಂಡಿಗೆ ಎಸೆದಿದ್ದ. ಅದೊಂದು ತಪ್ಪು ನಮ್ಮದು. ನೀವು ಎಸೆಯಬೇಡಿ, ಇಟ್ಟುಕೊಳ್ಳಿ.

ಈಗ ನಿಮ್ಮ ಚೀಟಿಯ ವಿಷಯಕ್ಕೆ ಬರುತ್ತೇನೆ. ವೈದ್ಯನಿಗೆ ಫೋನ್ ಮಾಡಿದೆವು. ಅವನು ಕೇಳಿದ್ದು ಒಂದೇ, "ಪಥ್ಯ ಮುರಿದಿದ್ದೀರಾ?" ಇಲ್ಲ ಅಂತ ನಾನು ಕೂಗಾಡುತ್ತಿದ್ದೆ. ಅಪ್ಪ ಮಂಚದ ಮೇಲಿಂದ ಕೈ ಎತ್ತಿದರು. ನೆಂಟರ ಮನೆ ಗೃಹಪ್ರವೇಶದಲ್ಲಿ ಒಂದು ಎಣ್ಣೆಗಾಯಿ ತಿಂದಿದ್ದರಂತೆ. ಬಾಳೆಲೆಗೆ ಬಡಿಸಿಬಿಟ್ಟಿದ್ದರು, ಬಿಡೋಕೆ ಸಂಕೋಚ ಆಯಿತಂತೆ. "ನಂದೇ ತಪ್ಪು, ಅವರದೇನಿಲ್ಲ" ಅಂದರು.

ಪಥ್ಯದ ಪಟ್ಟಿ ಯಾಕೆ ಅಷ್ಟು ಉದ್ದ ಅಂತ ನನಗೆ ಆವತ್ತು ಅರ್ಥ ಆಯಿತು ತಮ್ಮಾ. 23 ಐಟಂನಲ್ಲಿ ಯಾವುದಾದರೂ ಒಂದು 48 ದಿನದೊಳಗೆ ಬಾಯಿಗೆ ಬಿದ್ದೇ ಬೀಳುತ್ತೆ. ಬೀಳದಿದ್ದರೆ ಯಾರದೋ ನೆರಳು ಬಿದ್ದಿರುತ್ತೆ. ಗುಣ ಆದರೆ ಅವನ ಕೈಗುಣ, ಆಗದಿದ್ದರೆ ರೋಗಿಯ ನಾಲಿಗೆ ಚಪಲ. ಅಪ್ಪ ಸಾಯೋವರೆಗೂ ಆ ಒಂದು ಎಣ್ಣೆಗಾಯಿಯನ್ನೇ ನೆನೆಸಿಕೊಂಡು ನರಳಿದರು. ಅಮ್ಮ ಇವತ್ತಿಗೂ ಮನೆಗೆ ಬದನೆಕಾಯಿ ತರಿಸಲ್ಲ.

ಕೊನೆಯ ಹದಿನೆಂಟು ದಿನ ಬೆಂಗಳೂರಿನ ಕರುಣಾಶ್ರಯದಲ್ಲಿ ಇದ್ದರು. ಒಂದು ರೂಪಾಯಿ ತಗೊಳ್ಳಲಿಲ್ಲ. ಮಾರ್ಫಿನ್ ಕೊಟ್ಟ ಮೊದಲ ರಾತ್ರಿ ಅಪ್ಪ ಆರು ಗಂಟೆ ನಿದ್ದೆ ಮಾಡಿದರು. ಅದಕ್ಕೆ ಮುಂಚೆ ಎರಡು ತಿಂಗಳು ಅಷ್ಟು ಮಲಗಿದ್ದೇ ಇಲ್ಲ. ಹೀಗೊಂದು ಜಾಗ ಇದೆ, ನೋವಿಗೆ ಹೀಗೊಂದು ಮಾತ್ರೆ ಇದೆ ಅಂತ ನಮಗೆ ಮೊದಲು ಹೇಳಿದವರು ಯಾರೂ ಇಲ್ಲ.

ವರ್ಷಾಬ್ದಿಕ ಮುಗಿಸಿ ಕೂತಿದ್ದೆ. ವಾಟ್ಸಾಪಿಗೆ ಒಂದು ಫಾರ್ವರ್ಡ್ ಬಂತು. "ಕ್ಯಾನ್ಸರ್‌ಗೆ ಹೆದರಬೇಡಿ, ಇವರನ್ನು ನೋಡಿ." ಇಸ್ತ್ರಿ ಅಂಗಿ ಹಾಕಿಕೊಂಡು ಅಪ್ಪ ಮಾತಾಡುತ್ತಿದ್ದರು.

ಭಾವನ ಜೊತೆ ಜಗಳ ಬೇಡ. ಪುಡಿ ಸುಳ್ಳು ಅನ್ನಬೇಡಿ, 36,000 ಕೊಟ್ಟ ಮನುಷ್ಯ ನಾನು ಮೋಸ ಹೋದೆ ಅಂತ ಒಂದೇ ದಿನಕ್ಕೆ ಒಪ್ಪಲ್ಲ. ಪುಡಿಯಲ್ಲಿ ಏನಿದೆ ಅಂತ ಕಾಗದದ ಮೇಲೆ ಬರೆಸಿಕೊಂಡು ಬನ್ನಿ, ಆಸ್ಪತ್ರೆಯಲ್ಲಿ ತೋರಿಸೋಣ ಅನ್ನಿ. ಅಷ್ಟೇ ಕೇಳಿ. ಮತ್ತೆ ಆಸ್ಪತ್ರೆಗೆ ಫೋನ್ ಮಾಡಿ, ಭಾವ ಡಾಕ್ಟರ್ ಜೊತೆ ಕೂತು ಮಾತಾಡೋಕೆ ಸಮಯ ಕೇಳಿ. ಕೌನ್ಸೆಲರ್ ಆದರೂ ಸರಿ. ಅವರಿಗೂ ಯಾರಾದರೂ ಅರ್ಧ ಗಂಟೆ ಕೊಡಬೇಕು.

ಆ ಹುಡುಗಿಯನ್ನು ಇವತ್ತೇ ಒಳಗೆ ಕರೆದು ಮಲಗಿಸಿ. ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ ಅವಳ ತಲೆ ಮೇಲೆ ಬರುತ್ತೆ ಅದು.

---

ಮಲೆನಾಡ_ಮಳೆ

ಎಲ್ಲ ನಾಟಿ ವೈದ್ಯರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನಮ್ಮ ಕಡೆ ಒಂದು ರೂಪಾಯಿ ಮುಟ್ಟದೆ ಚಕ್ಕೆ ಕೊಡೋರು ಇದ್ದರು, ಸರ್ಪಸುತ್ತಿಗೆ, ಕಾಮಾಲೆಗೆ ಇವತ್ತಿಗೂ ಜನ ಅವರ ಹತ್ತಿರವೇ ಹೋಗುತ್ತಾರೆ. ನನ್ನ ಚಿಕ್ಕಮ್ಮನಿಗೆ ಗರ್ಭಕೋಶದ ಕ್ಯಾನ್ಸರ್ ಇತ್ತು. ಮರದ ಚಕ್ಕೆಯ ಕಷಾಯ ಕುಡಿದು ಒಂಬತ್ತು ವರ್ಷ ಆಯಿತು, ಗಟ್ಟಿಮುಟ್ಟಾಗಿ ತೋಟಕ್ಕೆ ಹೋಗಿ ಬರುತ್ತಾರೆ. ಕಣ್ಣಾರೆ ಕಂಡಿದ್ದನ್ನು ಇಲ್ಲ ಅನ್ನಲಾ? ಕೀಮೋದಲ್ಲಿ ಸತ್ತವರ ಲೆಕ್ಕ ಯಾರೂ ಇಡಲ್ಲ. ಆಸ್ಪತ್ರೆಯವರು ಹತ್ತು ಲಕ್ಷ ಕಿತ್ತುಕೊಂಡು ಹೆಣ ಕೊಟ್ಟರೆ ಅದು ಶೋಷಣೆ ಅಲ್ವಾ?

---

ಮೆಡಿಕಲ್_ಶಾಪ್_ಮೇಡಂ

ಮಳೆ ಅವರೇ, ಕೊನೆಯ ಮಾತು ಒಪ್ಪುತ್ತೇನೆ. ಅದೂ ಶೋಷಣೆಯೇ. ಶಿವಮೊಗ್ಗದಲ್ಲಿ 19 ವರ್ಷದಿಂದ ಕೌಂಟರ್ ಹಿಂದೆ ನಿಂತಿದ್ದೇನೆ, ಬಿಲ್ ನೋಡಿ ಅಳೋರನ್ನು ವಾರಕ್ಕೊಬ್ಬರನ್ನಾದರೂ ಕಾಣುತ್ತೇನೆ. ಆದರೆ ಕೀಮೋದಲ್ಲಿ ಸತ್ತವರ ಲೆಕ್ಕ ಇಡುತ್ತಾರೆ. ಇಡೋದು ಅಲ್ಲಿಯೇ. ಪುಡಿ ಕೊಟ್ಟವರ ಹತ್ತಿರ ಬಂದವರ ಹೆಸರು ಬರೆದ ಪುಸ್ತಕ ಕೂಡ ಇರಲ್ಲ.

ಚಿಕ್ಕಮ್ಮನವರ ವಿಷಯ ಕೇಳ್ತೀನಿ, ತಪ್ಪು ತಿಳಿಯಬೇಡಿ. ಬಯಾಪ್ಸಿ ಆಗಿತ್ತಾ? ಕಷಾಯಕ್ಕೆ ಮುಂಚೆ ಆಪರೇಷನ್ ಏನಾದರೂ ಆಗಿತ್ತಾ? ಸಿಧು ಅವರ ಕತೆಯಲ್ಲೂ ಆಗಿದ್ದು ಅದೇ. ಅವರ ಹೆಂಡತಿಗೆ ಆಪರೇಷನ್, ಕೀಮೋ ಎಲ್ಲ ಆಗಿತ್ತು. ಬೇವು ನಿಂಬೆ ಅದರ ಮೇಲೆ. 2024ರ ನವೆಂಬರಿನಲ್ಲಿ ಅವರು ಆ ಮಾತು ಆಡಿದ ಮೇಲೆ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಈಗಿನ, ಹಿಂದಿನ ಡಾಕ್ಟರುಗಳು 262 ಜನ ಸಹಿ ಹಾಕಿ, ಇದಕ್ಕೆ ಆಧಾರ ಇಲ್ಲ, ಚಿಕಿತ್ಸೆ ತಡ ಮಾಡಬೇಡಿ ಅಂತ ಹೇಳಿಕೆ ಕೊಟ್ಟರು. ಆ ಹೇಳಿಕೆ ಎಷ್ಟು ಜನಕ್ಕೆ ಫಾರ್ವರ್ಡ್ ಆಗಿ ಬಂದಿದೆ? ನನಗಂತೂ ಬರಲಿಲ್ಲ. ವಿಡಿಯೋ ಏಳು ಗ್ರೂಪಿನಿಂದ ಬಂತು.

ಗಿಡಮೂಲಿಕೆಗೆ ಶಕ್ತಿ ಇಲ್ಲ ಅಂತ ನಾನು ಹೇಳಲ್ಲ. ನಾನು ಮಾರೋ ಕೀಮೋ ಔಷಧಿಗಳಲ್ಲೇ ಕೆಲವು ಗಿಡದವು. ಅಂಗಳದ ನಿತ್ಯಪುಷ್ಪದಿಂದ ವಿನ್‌ಕ್ರಿಸ್ಟಿನ್ ಬರುತ್ತೆ, ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡೋದು. ಒಂದು ಗ್ರಾಂ ತೆಗೆಯೋಕೆ ನೂರಾರು ಕಿಲೋ ಒಣ ಎಲೆ ಬೇಕು. ನಿಮ್ಮ ಘಟ್ಟದಲ್ಲೇ ದುರ್ವಾಸನೆ ಮರ ಅಂತ ಇದೆಯಲ್ಲ, ಅದರಲ್ಲಿ ಕ್ಯಾಂಪ್ಟೊಥೆಸಿನ್ ಅನ್ನೋ ಸತ್ವ ಇದೆ, ನಿಜವಾಗಲೂ ಕ್ಯಾನ್ಸರ್ ಕಣ ಕೊಲ್ಲುತ್ತೆ. ಆ ಸತ್ವವನ್ನು ಮೊದಲು ಚೀನಾದ ಒಂದು ಮರದಿಂದ ಬೇರೆ ಮಾಡಿದ್ದು 1966ರಲ್ಲಿ. ಹಾಗೇ ರೋಗಿಗಳಿಗೆ ಕೊಟ್ಟು ನೋಡಿದರು. ಮೂತ್ರಕೋಶದಿಂದ ರಕ್ತ ಬಂತು, ರಕ್ತದ ಕಣ ಕುಸಿದವು. ನಿಲ್ಲಿಸಿಬಿಟ್ಟರು. ಅದನ್ನು ತಿದ್ದಿ, ಅಳತೆ ಹಿಡಿದು, ಇರಿನೊಟೆಕಾನ್, ಟೊಪೊಟೆಕಾನ್ ಅಂತ ಅಮೆರಿಕದಲ್ಲಿ ಒಪ್ಪಿಗೆ ಸಿಗೋ ಹೊತ್ತಿಗೆ 1996. ಮೂವತ್ತು ವರ್ಷ. ಇಲ್ಲಿ ಕೆಲಸ ಮಾಡುವ ಚಕ್ಕೆಯೇ ಸಿಕ್ಕಿದ್ದರೂ, ಒಂದು ಹಿಡಿಯಲ್ಲಿ ಎಷ್ಟಿದೆ ಅಂತ ಕೊಟ್ಟವನಿಗೂ ಗೊತ್ತಿಲ್ಲ, ಕುಡಿದವಳಿಗೂ ಗೊತ್ತಿಲ್ಲ.

ಲಕ್ಷ್ಮಣಫಲ ಲ್ಯಾಬಿನ ತಟ್ಟೆಯಲ್ಲಿ ಕ್ಯಾನ್ಸರ್ ಕಣ ಕೊಂದಿದೆ, ನಿಜ. ಫಿನೈಲ್ ಹಾಕಿದರೂ ಸಾಯುತ್ತೆ. ಮನುಷ್ಯರಿಗೆ ಕ್ಯಾನ್ಸರ್ ವಾಸಿ ಮಾಡಿದ್ದನ್ನು ಯಾರೂ ತೋರಿಸಿಲ್ಲ. ಕೆರಿಬಿಯನ್ನಿನ ಗ್ವಾಡಲೂಪ್ ದ್ವೀಪದಲ್ಲಿ ಆ ಹಣ್ಣು, ಅದರ ಎಲೆಯ ಕಷಾಯ ತುಂಬಾ ಬಳಸೋರಲ್ಲಿ ಪಾರ್ಕಿನ್ಸನ್ ತರಹದ ನಡುಕದ ಕಾಯಿಲೆ ಜಾಸ್ತಿ ಕಂಡಿದೆ ಅಂತ 1999ರಲ್ಲೇ ಡಾಕ್ಟರುಗಳು ಬರೆದರು. ಹಣ್ಣು ಸಿಕ್ಕರೆ ಒಂದು ತಿನ್ನಿ, ಯಾರು ಬೇಡ ಅಂದರು. ಎಲೆ ಕುದಿಸಿ ದಿನಾ ಕುಡಿಸಬೇಡಿ.

ಗುಳಿಗೆ ಬಗ್ಗೆ ತೋಟದಮನೆಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಕೆಲವು ವರ್ಷದ ಹಿಂದೆ ಒಬ್ಬ ಪ್ರತಿ ತಿಂಗಳು ಬಂದು ಚೀಟಿ ಇಲ್ಲದೆ ಡೆಕ್ಸಾಮೆಥಸೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ ಬಾಕ್ಸುಗಟ್ಟಲೆ ಕೇಳುತ್ತಿದ್ದ. ಕೊಡಲ್ಲ ಅಂದೆ. "ನಮ್ಮ ಗುರುಗಳು ಅರೆದು ಮಾಡೋ ಔಷಧಿಗೆ ಬೇಕು ಮೇಡಂ" ಅಂದ. ಎಷ್ಟು ಮುಗ್ಧವಾಗಿ ಅಂದ ಅಂದರೆ, ಅದರಲ್ಲಿ ತಪ್ಪೇನಿದೆ ಅನ್ನೋದೇ ಅವನಿಗೆ ಗೊತ್ತಿರಲಿಲ್ಲ.

ತಿಪಟೂರಿನವರೇ, ನಿಮ್ಮ 48 ದಿನದ ಪ್ರಶ್ನೆ. ಏಳು ಬಗೆಯ ಕ್ಯಾನ್ಸರ್ ಬಗ್ಗೆ ಆಗಿದ್ದ ಅಧ್ಯಯನಗಳನ್ನು ಒಟ್ಟು ಮಾಡಿ 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದಿದ್ದರು. ಚಿಕಿತ್ಸೆ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಸುಮಾರು ಶೇ 6ರಿಂದ 13 ಏರುತ್ತೆ. ನಿಮ್ಮ ಅಕ್ಕ ಯುಗಾದಿಯಿಂದ ಗೌರಿ ಹಬ್ಬದವರೆಗೆ ಆಗಲೇ ಕಳೆದಿದ್ದಾರೆ. ಅಮೆರಿಕದಲ್ಲಿ ಬರೀ ಬದಲಿ ಔಷಧಿ ನಂಬಿದ 281 ಜನರನ್ನು, ಸರಿಯಾದ ಚಿಕಿತ್ಸೆ ತಗೊಂಡ ಅಂಥದೇ ರೋಗಿಗಳ ಜೊತೆ ಹೋಲಿಸಿ ನೋಡಿದ್ದಾರೆ. ಸಾವಿನ ಅಪಾಯ ಎರಡೂವರೆ ಪಟ್ಟು. ಎದೆಯ ಕ್ಯಾನ್ಸರಿನವರಲ್ಲಿ ಐದು ಪಟ್ಟಿಗೂ ಮೇಲೆ. ಗುಣ ಆಗೋ ರೋಗವನ್ನೇ ಹಾಳು ಮಾಡಿಕೊಳ್ಳೋದು ಅಂದರೆ ಇದು.

ಬಯಾಪ್ಸಿಯಿಂದ ಹರಡಲ್ಲ. ಯಾವ ಔಷಧಿ ಹಿಡಿಯುತ್ತೆ ಅಂತ ಗೊತ್ತಾಗೋದೇ ಅದರಿಂದ. ನೀವು ಸರಿಯಾಗಿಯೇ ಮಾಡಿಸಿದ್ದೀರಿ.

ದುಡ್ಡಿನ ವಿಷಯ: ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಇದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಸರ್ಕಾರದ್ದು, ಸಾಲು ಉದ್ದ, ಆದರೆ ಹೊರೆ ಕಡಿಮೆ.

ದೂರು ಕೊಡೋದು ಆಮೇಲೆ ನೋಡಿಕೊಳ್ಳಿ, ಮೊದಲು ಅಕ್ಕ. ಆದರೆ ಗೊತ್ತಿರಲಿ, ಕ್ಯಾನ್ಸರ್ ಗುಣ ಮಾಡ್ತೀನಿ ಅಂತ ಜಾಹೀರಾತು ಮಾಡೋದೇ 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯಲ್ಲಿ ಅಪರಾಧ. 54 ಕಾಯಿಲೆಗಳ ಪಟ್ಟಿ ಇದೆ. ಕರಪತ್ರ, ಲೇಬಲ್, ಬಾಯಿಮಾತಿನ ಪ್ರಚಾರ, ಬೆಳಕು, ಶಬ್ದ, ಕೊನೆಗೆ ಹೊಗೆಯಲ್ಲಿ ಬರೆದರೂ ಜಾಹೀರಾತು ಅಂತಲೇ ಕಾಯ್ದೆ ಹೇಳುತ್ತೆ. ಅಷ್ಟೆಲ್ಲ ಯೋಚಿಸಿದವರು ಮೊದಲ ಸಲಕ್ಕೆ ಶಿಕ್ಷೆ ಇಟ್ಟಿದ್ದು ಹೆಚ್ಚೆಂದರೆ ಆರು ತಿಂಗಳು, ಇಲ್ಲದಿದ್ದರೆ ಬರೀ ದಂಡ. ಡಬ್ಬಿ, ಚೀಟಿ, ಆ ಅನ್ನದಾನದ ರಸೀದಿ ಮೂರನ್ನೂ ಜೋಪಾನ ಮಾಡಿ. ಡ್ರಗ್ಸ್ ಇನ್‌ಸ್ಪೆಕ್ಟರ್ ಕೇಳೋದು ಅದನ್ನೇ.

---

ಮಲೆನಾಡ_ಮಳೆ

ಚಿಕ್ಕಮ್ಮನಿಗೆ ಫೋನ್ ಮಾಡಿದ್ದೆ. ಮಣಿಪಾಲದಲ್ಲಿ ಗರ್ಭಕೋಶ ತೆಗೆಸಿದ್ದು ಕಷಾಯಕ್ಕೆ ಎರಡು ತಿಂಗಳು ಮುಂಚೆಯಂತೆ. ನನಗೆ ಆಗ ಗೊತ್ತಿರಲಿಲ್ಲ, ಗಂಡು ಹುಡುಗರಿಗೆ ಯಾರು ಹೇಳುತ್ತಾರೆ. ಆದರೂ ಕಷಾಯದಿಂದಲೇ ಅಂತ ಅವರು ನಂಬಿದ್ದಾರೆ, ನಾನು ಬಿಡಿಸೋಕೆ ಹೋಗಲ್ಲ. ತಿಪಟೂರಿನವರೇ, ನಿಮ್ಮ ಅಕ್ಕನಿಗೆ ಆಪರೇಷನ್ ಆಗಲಿ ಮೊದಲು.

---

ಕೊಬ್ಬರಿ_ತಿಪಟೂರು

ಎಲ್ಲರಿಗೂ ಉತ್ತರ ಬರೆಯೋಕೆ ತಡವಾಯಿತು. ತೋಟದಮನೆ ಅಣ್ಣ, ನಿಮ್ಮದನ್ನು ಅಕ್ಕನಿಗೆ ಓದಿ ಹೇಳಿದೆ. ಪೂರ್ತಿ ಓದಲಿಲ್ಲ, ಎಣ್ಣೆಗಾಯಿ ತನಕ. ಅವಳು ಎದ್ದು ಹೋಗಿ ಮಗಳ ಹಾಸಿಗೆ ಎತ್ತಿಕೊಂಡು ಒಳಗೆ ಹಾಕಿದಳು. ಏನೂ ಮಾತಾಡಲಿಲ್ಲ.

ಭಾವನಿಗೆ ನೀವು ಹೇಳಿದ ಹಾಗೆಯೇ ಕೇಳಿದೆ. ಪುಡಿಯಲ್ಲಿ ಏನಿದೆ ಅಂತ ಬರೆಸಿಕೊಳ್ಳಿ, ಅಷ್ಟು ಸಾಕು ಅಂದೆ. ನನ್ನ ಮುಂದೆಯೇ ಫೋನ್ ಮಾಡಿದರು. ಆ ಹುಡುಗ, "ಗುರುಗಳು ಅಮಾವಾಸ್ಯೆ ರಾತ್ರಿ ಕಾಡಿನಿಂದ ತಂದು ತಾವೇ ಕಲ್ಲಿನಲ್ಲಿ ಕುಟ್ಟಿ ಮಾಡಿದ್ದು, ಅದರ ಗುಟ್ಟು ಹೇಳಿದರೆ ಔಷಧಿ ಕೆಲಸ ಮಾಡಲ್ಲ" ಅಂದ. ಭಾವ ಹೌದು ಹೌದು ಅಂತ ಫೋನ್ ಇಟ್ಟರು.

ಸಂಜೆ ಗಿರಣಿಗೆ ಹೋದೆ. ಬೆಲ್ಟ್ ನಿಲ್ಲಿಸಿ, ಟ್ಯೂಬ್‌ಲೈಟ್ ಕೆಳಗೆ ಕೂತು, ಡಬ್ಬಿಯ ಪುಡಿಯನ್ನು ಅಂಗೈಗೆ ಹಾಕಿಕೊಂಡು ಹೆಬ್ಬೆರಳಿನಲ್ಲಿ ಉಜ್ಜುತ್ತಿದ್ದರು. ಮೂಸಿದರು. ನಾಲಿಗೆಗೆ ಹಚ್ಚಿದರು. ಇಪ್ಪತ್ತಾರು ವರ್ಷದಿಂದ ಊರವರ ಹಿಟ್ಟನ್ನು ಹಾಗೆಯೇ ನೋಡುತ್ತಾ ಬಂದವರು.

"ಕಲ್ಲಿನಲ್ಲಿ ಕುಟ್ಟಿದ್ದಲ್ಲ ಇದು" ಅಂದರು. "ಇಷ್ಟು ನುಣುಪು ಕೈಯಲ್ಲಿ ಬರಲ್ಲ. ಮಿಷನ್ನಿಂದು. ಮೆಂತ್ಯ ಹಾಕಿದ್ದಾನೆ, ಹುರಿದು ಹಾಕಿದ್ದಾನೆ."

ನಾನು ಏನೂ ಅನ್ನಲಿಲ್ಲ.

ಸೋಮವಾರ ಮೂವರೂ ಹೋದೆವು. ಭಾವನಿಗೆ ಅಲ್ಲಿಯ ಕೌನ್ಸೆಲರ್ ಒಬ್ಬರು ನಲವತ್ತು ನಿಮಿಷ ಸಿಕ್ಕರು. ಅವರ ಅತ್ತಿಗೆಗೆ ಏನಾಗಿತ್ತು, ಯಾವ ಹಂತ, ಎಲ್ಲ ಕೇಳಿದರಂತೆ. ಹೊರಗೆ ಬಂದಾಗ ಭಾವನ ಕಣ್ಣು ಕೆಂಪಗಿತ್ತು. ಮೊದಲ ಕೀಮೋ ಆಯಿತು. ಎರಡು ದಿನ ವಾಂತಿ, ಮೂರನೇ ದಿನ ಅಕ್ಕ ಮೊಸರನ್ನ ಕೇಳಿದಳು. ಮೊಸರು ಪಟ್ಟಿಯಲ್ಲಿ ಇತ್ತು. ಭಾವನೇ ಕಲಸಿ ಕೊಟ್ಟರು.

ಡಬ್ಬಿ ಎಸೆದಿಲ್ಲ. ದೇವರ ಫೋಟೋ ಹಿಂದೆ ಇಟ್ಟಿದ್ದಾರೆ. ಇನ್‌ಸ್ಪೆಕ್ಟರಿಗೆ ಕೊಡೋಕೋ, ಇನ್ನೂ ನಂಬಿಕೆ ಉಳಿದಿದೆಯೋ, ನಾನು ಕೇಳಿಲ್ಲ. ಎರಡನೇ ಕೀಮೋ ಇಪ್ಪತ್ತೊಂದನೇ ದಿನಕ್ಕೆ. ಅಲ್ಲಿಯವರೆಗೆ ಬಾಯಿ ಹುಣ್ಣಿಗೆ ಏನು ಕೊಡಬಹುದು ಅಂತ ಮೇಡಂ ಹೇಳಿದರೆ ಒಳ್ಳೆಯದು.